ನಾಯಿಗೂ ಒಬ್ಬ ಮೇಷ್ಟರು ಬೇಕೆ?

ನಾಯಿಯನ್ನು ಸಾಕುವುದು ನಮ್ಮ ಜನಕ್ಕೆ ಹೊಸದಲ್ಲ. ಹಣ ಕೊಟ್ಟು ಅದಕ್ಕೆ ಪಾಠ ಹೇಳಿಸುವುದು ಮಾತ್ರ ಹೊಸದು. ಹಳ್ಳಿಯ ಮನೆಯ ನಾಯಿ ಜಗಲಿಯ ಕೆಳಗೆ ಮಲಗಿ, ಉಳಿದ ಮುದ್ದೆಯನ್ನು ತಿಂದು, ಬಂದವರಲ್ಲಿ ನೆಂಟರು ಯಾರು, ಕಳ್ಳರು ಯಾರು ಎಂಬುದನ್ನು ತಾನೇ ಕಲಿತುಕೊಳ್ಳುತ್ತಿತ್ತು. ಅದಕ್ಕೆ ಗುರುವೂ ಇರಲಿಲ್ಲ, ಗುರುದಕ್ಷಿಣೆಯೂ ಇರಲಿಲ್ಲ. ದಿಲ್ಲಿಯಂತಹ ಊರಿನಲ್ಲಿ, ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ, ನಾಲ್ಕು ಜನರೊಂದಿಗೆ ಬಾಳಬೇಕಾದ ನಾಯಿಯ ಪಾಡು ಬೇರೆ. ಅದಕ್ಕೆ ಶಿಸ್ತು ಕಲಿಸುವುದೇ ಇಲ್ಲಿ ಒಂದು ಕಸುಬಾಗಿದೆ. ಅಂತಹ ಕಸುಬುದಾರರಿಗೆ ಹಣ ಕೊಡಬೇಕೆ, ಬೇಡವೆ ಎಂಬುದು ಮೇಲ್ನೋಟಕ್ಕೆ ಮನೆಯ ಜಮಾಖರ್ಚಿನ ಪ್ರಶ್ನೆ. ಕೆಲವು ತಿಂಗಳುಗಳಿಂದ ಇದನ್ನು ಹಿಂದುಮುಂದು ಮಾಡಿ ಯೋಚಿಸಿದ ನಮಗೆ ಇದು ಧರ್ಮಾಧರ್ಮದ ಪ್ರಶ್ನೆಯೂ ಹೌದೆಂದು ತೋರಿದೆ.

ಈ ಪ್ರಶ್ನೆ ನಮ್ಮ ಮನೆಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ಪಕ್ಕದ ಬ್ಲಾಕಿನಲ್ಲಿದ್ದವರಿಗೆ ಗುವಾಹಟಿಗೆ ವರ್ಗವಾಯಿತು. ಸರಕಾರಿ ವರ್ಗಾವಣೆಯ ಸಾಮಾನಿನ ಪಟ್ಟಿಯಲ್ಲಿ ಮಂಚ, ಬೀರು, ಸ್ಕೂಟರುಗಳಿಗೆ ಸ್ಥಳ ಸಿಕ್ಕಿತು. ಒಂದೂವರೆ ವರ್ಷದ ಮೋತಿಗೆ ಸಿಗಲಿಲ್ಲ. ಮಕ್ಕಳು ಹಟ ಹಿಡಿದರು, ಮೋತಿ ನಮ್ಮ ಮನೆಗೆ ಬಂತು. ಹಿಂದಿನ ಮನೆಯಲ್ಲಿ ಅದನ್ನು ಹಗಲೆಲ್ಲ ಬಾಲ್ಕನಿಯ ಕಂಬಿಗೆ ಕಟ್ಟಿರುತ್ತಿದ್ದರು. ಅದರ ಲೋಕಜ್ಞಾನವೆಲ್ಲ ಆ ಕಂಬಿಗಳ ಸಂದಿಯಿಂದ ಬಂದದ್ದು. ಹೀಗಾಗಿ ಸೈಕಲ್ ಕಂಡರೆ ಬೊಗಳುತ್ತದೆ, ಪೇಪರಿನ ಹುಡುಗನ ಮೇಲೆ ಹಾರುತ್ತದೆ, ಹಗ್ಗ ಹಿಡಿದವರನ್ನು ಮೆಟ್ಟಿಲುಗಳ ಮೇಲೆ ದರದರನೆ ಎಳೆಯುತ್ತದೆ. ಕಚ್ಚಿಲ್ಲ, ಕಚ್ಚುವುದಿಲ್ಲವೆಂದು ಬರೆದುಕೊಡಲು ಮಾತ್ರ ಯಾರಿಂದಲೂ ಆಗದು. ಕೆಳಮನೆಯವರ ತಂದೆ, ಎಂಬತ್ತು ದಾಟಿದ ಹಿರಿಯರು, ಈಗ ಊರುಗೋಲು ಹಿಡಿದು ಹೊರಡುವ ಮುನ್ನ ಬಾಗಿಲನ್ನು ಅರ್ಧ ತೆರೆದು, "ಬೇಟಾ, ಕುತ್ತಾ ಅಂದರ್ ಹೈ?" ಎಂದು ಕೂಗಿ ಕೇಳುತ್ತಾರೆ. ಉತ್ತರ ಬಂದ ಮೇಲೆಯೇ ಹೊಸಿಲು ದಾಟುತ್ತಾರೆ.

ವಿಚಾರಿಸಿದಾಗ ಎರಡು ದಾರಿಗಳು ಗೊತ್ತಾದವು. ಒಂದು, ನಾಯಿಯನ್ನು ಒಂದು ತಿಂಗಳು ತರಬೇತಿಯ ಸ್ಥಳದಲ್ಲಿ ಬಿಟ್ಟು, ಕಲಿತ ಮೇಲೆ ಕರೆತರುವುದು. ಇನ್ನೊಂದು, ಕಲಿಸುವವರನ್ನು ಮನೆಗೆ ಕರೆಸುವುದು. ಎರಡನೆಯದಕ್ಕೆ ತಗಲುವ ಹಣ ನಮ್ಮ ಒಂದು ತಿಂಗಳ ಮನೆಖರ್ಚಿನ ಮೂರನೆಯ ಒಂದು ಪಾಲು. ಮೊದಲನೆಯದಕ್ಕೆ ಅದರ ಇಮ್ಮಡಿ. ಈ ಮಾತು ಕಚೇರಿಯಲ್ಲಿ ಬಾಯಿಬಿಟ್ಟದ್ದೇ ತಡ, ಡಬ್ಬಿ ಬಿಚ್ಚಿ ಕುಳಿತವರೆಲ್ಲ ಸಲಹೆಗಾರರಾದರು. ಅವರ ಆಕ್ಷೇಪಗಳನ್ನು ಸೋಸಿದರೆ ಉಳಿಯುವುದು ಎರಡು: ನಾಯಿ ಕಲಿಯುವುದಿಲ್ಲ ಎಂಬುದೊಂದು, ಕಲಿತರೂ ಅಷ್ಟು ಹಣಕ್ಕೆ ಅದು ಯೋಗ್ಯವಲ್ಲ ಎಂಬುದೊಂದು.

ಮೊದಲನೆಯದಕ್ಕೆ ಗಾದೆಗಳ ಬೆಂಬಲವಿದೆ. ನಾಯಿಯ ಬಾಲ ಡೊಂಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಆದರೆ ಬಿ.ಎಸ್‌ಸಿ.ಯಲ್ಲಿ ಪ್ರಾಣಿಶಾಸ್ತ್ರವನ್ನು ಓದಿದವರಿಗೆ ಈ ಗಾದೆಗಳನ್ನು ಹಾಗೆಯೇ ಒಪ್ಪುವುದು ಕಷ್ಟ. ಜೀರ್ಣಕ್ರಿಯೆಯ ಸಂಶೋಧನೆಗಾಗಿ ೧೯೦೪ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಷ್ಯದ ಪಾವ್ಲೊವ್, ಊಟದ ಸೂಚನೆ ಸಿಕ್ಕಿದರೆ ಸಾಕು, ಊಟ ಕಾಣುವ ಮೊದಲೇ ನಾಯಿಯ ಬಾಯಲ್ಲಿ ನೀರೂರುವುದನ್ನು ತೋರಿಸಿದರು. ಅಮೆರಿಕದ ಥಾರ್ನ್‌ಡೈಕ್ ೧೮೯೮ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನಡೆಸಿದ ಪ್ರಯೋಗಗಳಿಂದ, ಒಳ್ಳೆಯ ಫಲ ಕೊಟ್ಟ ಕೆಲಸವನ್ನು ಪ್ರಾಣಿ ಮತ್ತೆ ಮತ್ತೆ ಮಾಡುತ್ತದೆಂದು ತಿಳಿಯಿತು. ಮುಂದೆ ಸ್ಕಿನ್ನರ್ ಇನ್ನೊಂದು ಸೂಕ್ಷ್ಮವನ್ನು ಕಂಡರು: ಪ್ರತಿ ಸಲವೂ ಫಲ ಕೊಡುವ ಅಭ್ಯಾಸಕ್ಕಿಂತ, ಆಗೊಮ್ಮೆ ಈಗೊಮ್ಮೆ ಫಲ ಕೊಡುವ ಅಭ್ಯಾಸವೇ ಬಿಡಿಸಲು ಹೆಚ್ಚು ಕಷ್ಟ. ಮೈಮೇಲೆ ಹಾರಿದ ನಾಯಿಯನ್ನು ಒಬ್ಬರು ಗದರಿಸಿ, ಇನ್ನೊಬ್ಬರು ಮುದ್ದಿಸಿದರೆ ಆ ಚಾಳಿ ಏಕೆ ಗಟ್ಟಿಯಾಗುತ್ತದೆಂಬುದು ಇದರಿಂದ ಅರ್ಥವಾಗುತ್ತದೆ. ಮರಿಗೆ ಮೂರು ವಾರದಿಂದ ಹದಿಮೂರು ಹದಿನಾಲ್ಕು ವಾರದವರೆಗಿನ ಕಾಲ ಲೋಕದ ಪರಿಚಯಕ್ಕೆ ಅತ್ಯಂತ ಹದವಾದುದು ಎಂಬುದು ನಿಜ. ಮೋತಿಯ ಪಾಲಿನ ಆ ಕಾಲ ಕಳೆದುಹೋಗಿದೆ. ಕಲಿಕೆ ನಿಧಾನವಾದೀತು ಎಂದು ಇದರ ಅರ್ಥ, ಕಲಿಯಲಾರದು ಎಂದಲ್ಲ.

ಎರಡನೆಯ ಆಕ್ಷೇಪ ಇಷ್ಟು ಸುಲಭವಾಗಿ ಬಗೆಹರಿಯುವಂತಹುದಲ್ಲ. "ಮನುಷ್ಯರ ಮಕ್ಕಳಿಗೆ ಟ್ಯೂಷನ್ ಫೀಸು ಕಟ್ಟಲಾರದ ತಂದೆತಾಯಿಗಳು ಇದೇ ಊರಿನಲ್ಲಿ ಎಷ್ಟು ಜನರಿಲ್ಲ? ಆ ಹಣದಲ್ಲಿ ಒಬ್ಬ ಹುಡುಗನ ಪುಸ್ತಕ ಬರುತ್ತದೆ" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದರು. ಅವರು ಬಾಯಿಮಾತಿಗೆ ಹೇಳುವವರಲ್ಲ. ತಮ್ಮ ಮನೆಯ ಕೆಲಸದಾಕೆಯ ಮಗನ ಫೀಸನ್ನು ಕಟ್ಟುವವರು. ಅವರ ಮಾತು ನಮ್ಮನ್ನು ಹಲವು ದಿನ ಕಾಡಿತು.

ಕೊನೆಗೆ ನಮಗೆ ಹೊಳೆದ ಸಮಾಧಾನ ಇಷ್ಟು: ದಾನ ಬೇರೆ, ಸಾಲ ಬೇರೆ. ನಾಯಿಗೆ ಪಾಠ ಹೇಳಿಸುವ ಖರ್ಚನ್ನು ನಾಯಿಗೆ ಮಾಡುವ ದಾನವೆಂದು ಎಣಿಸಿದರೆ ಸಹೋದ್ಯೋಗಿಗಳ ವಾದಕ್ಕೆ ಉತ್ತರವಿಲ್ಲ. ದಾನಕ್ಕೆ ಪಾತ್ರಾಪಾತ್ರ ವಿವೇಚನೆ ಬೇಕು. ಪುಸ್ತಕವಿಲ್ಲದ ಹುಡುಗ ನಿಶ್ಚಯವಾಗಿಯೂ ಮೇಲಿನ ಪಾತ್ರ. ಆದರೆ ಒಂದು ಪ್ರಾಣಿಯನ್ನು ಮನೆಯೊಳಕ್ಕೆ ಕರೆದುಕೊಂಡ ದಿನವೇ ಮನೆಯವರ ಹೆಸರಿನಲ್ಲಿ ಸಾಲದ ಲೆಕ್ಕವೊಂದು ಆರಂಭವಾಗುತ್ತದೆ. ನಾಯಿಯನ್ನು ಸಾಕುವ ಸಂತೋಷ ನಮ್ಮದು. ಅದರ ಪುಂಡಾಟದ ಬೆಲೆ ಕೆಳಮನೆಯ ಹಿರಿಯರದು, ಪೇಪರಿನ ಹುಡುಗನದು. ಅಂಗಡಿಯ ಬಾಕಿಯನ್ನು ತೀರಿಸದೆ, "ಆ ಹಣವನ್ನು ಅನಾಥಾಲಯಕ್ಕೆ ಕೊಟ್ಟೆವು" ಎಂದರೆ ಅಂಗಡಿಯವನು ಒಪ್ಪುತ್ತಾನೆಯೆ? ಸಾಲ ತೀರಿದ ಮೇಲೆ ದಾನ.

ಕಾನೂನು ಸಹ ಇದೇ ಜಾಡಿನಲ್ಲಿ ಹೋಗುತ್ತದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ ೨೯೧ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆವಾಸ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಇವೆ. ಹಾಗೆಂದು ಕಟ್ಟಿಹಾಕಿಬಿಟ್ಟರೆ ಬಿಡುಗಡೆಯೆ? ಅದೂ ಇಲ್ಲ. ಸದಾ ಸರಪಳಿಯಲ್ಲಿರುವ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದನ್ನು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆ ಕ್ರೌರ್ಯವೆಂದೇ ಎಣಿಸುತ್ತದೆ. ಬೀದಿಗೆ ಬಿಡುವುದಂತೂ ದೂರ ಉಳಿಯಿತು. ೨೦೨೫ರ ಆಗಸ್ಟ್ ೨೨ರಂದು ದಿಲ್ಲಿಯ ಬೀದಿನಾಯಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶದಲ್ಲಿ, ಹಿಡಿದ ನಾಯಿಗಳಿಗೆ ಚುಚ್ಚುಮದ್ದು, ಸಂತಾನಹರಣ ಚಿಕಿತ್ಸೆ ಮಾಡಿ ಅವುಗಳ ಬೀದಿಗೇ ಬಿಡಬೇಕೆಂದಿತ್ತು. ಹುಚ್ಚುನಾಯಿಗಳಿಗೂ ಮೈಮೇಲೆ ಬೀಳುವ ನಾಯಿಗಳಿಗೂ ಆ ಬಿಡುಗಡೆ ಇರಲಿಲ್ಲ. ನಡತೆ ಕಲಿಯದ ನಾಯಿಗೆ ಮನೆ ತಪ್ಪಿದರೆ ಬೀದಿಯೂ ತಪ್ಪುತ್ತದೆ. ಹಾಗಾಗಿ ಇಲ್ಲಿನ ಪ್ರಶ್ನೆ ನಮ್ಮ ಸೋಫಾದ ಅಂಚಿನದಲ್ಲ, ಒಂದು ಜೀವದ ಮುಂದಿನ ಹತ್ತು ವರ್ಷಗಳದು.

ಸಾಲವೆಂದು ಒಪ್ಪಿದ ಮೇಲೆ ಅದನ್ನು ಹೇಗೆ ತೀರಿಸಬೇಕೆಂಬ ಪ್ರಶ್ನೆ ಏಳುತ್ತದೆ. ಮಹಾಭಾರತದ ಏಕಲವ್ಯನ ಕತೆ ಎಲ್ಲರಿಗೂ ಗೊತ್ತು. ತನ್ನನ್ನು ಕಂಡು ಬೊಗಳಿದ ಪಾಂಡವರ ನಾಯಿಯ ಬಾಯಿಗೆ ಅವನು ಏಳು ಬಾಣಗಳನ್ನು ತುಂಬಿದ. ನಾಯಿ ಸುಮ್ಮನಾಯಿತು. ಪಾಂಡವರು ಬಿಲ್ಲುಗಾರನ ಕೈಚಳಕಕ್ಕೆ ಬೆರಗಾದರು; ನಾವು ಅವನ ಹೆಬ್ಬೆರಳಿಗಾಗಿ ಮರುಗುತ್ತೇವೆ. ಬಾಯ್ತುಂಬ ಬಾಣ ಹೊತ್ತು ತಿರುಗಿದ ನಾಯಿಯನ್ನು ಯಾರೂ ಕೇಳುವುದಿಲ್ಲ. ಬೊಗಳಿದರೆ ಕತ್ತಿಗೆ ವಿದ್ಯುತ್ತಿನ ಚುರುಕು ಮುಟ್ಟಿಸುವ ಪಟ್ಟಿಗಳು ಇಂದು ಹಣಕ್ಕೆ ಸಿಗುತ್ತವೆ. ಅವುಗಳಿಂದಲೂ ನಾಯಿ ಸುಮ್ಮನಾಗುತ್ತದೆ. ಆದರೆ ಅದು ಕಲಿತದ್ದು ಅಂಜಿಕೆಯನ್ನು. ೨೦೨೦ರಲ್ಲಿ ಪ್ರಕಟವಾದ, ಪೋರ್ಚುಗಲ್ಲಿನ ಪೋರ್ಟೊ ನಗರದ ತರಬೇತಿ ಶಾಲೆಗಳ ೯೨ ಸಾಕುನಾಯಿಗಳ ಅಧ್ಯಯನವೊಂದರಲ್ಲಿ, ದಂಡಿಸಿ ಕಲಿಸುವ ಶಾಲೆಗಳ ನಾಯಿಗಳಲ್ಲಿ, ತಿಂಡಿ ಕೊಟ್ಟು ಮೆಚ್ಚಿ ಕಲಿಸುವ ಶಾಲೆಗಳ ನಾಯಿಗಳಲ್ಲಿರುವುದಕ್ಕಿಂತ, ಆತಂಕದ ಲಕ್ಷಣಗಳು ಹೆಚ್ಚಾಗಿ ಕಂಡವು.

ಅದೇ ಮಹಾಭಾರತದ ಆದಿಪರ್ವದಲ್ಲಿ ಇನ್ನೊಂದು ನಾಯಿ ಬರುತ್ತದೆ. ಯಜ್ಞದ ಬಳಿ ಬಂದ ಸರಮೆಯ ಮಗನನ್ನು ಜನಮೇಜಯನ ತಮ್ಮಂದಿರು ಹೊಡೆದಟ್ಟಿದರು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಅತ್ತ ನೋಡಿಯೂ ಇರಲಿಲ್ಲ. ದೇವಲೋಕದ ಆ ಹೆಣ್ಣುನಾಯಿ ನೇರವಾಗಿ ಅರಸನ ಮುಂದೆ ನಿಂತು ಕೇಳಿದ್ದು, ತಪ್ಪಿಲ್ಲದ ನನ್ನ ಮಗನಿಗೆ ಏಟೇಕೆ ಎಂದು. ಉತ್ತರ ಬರಲಿಲ್ಲ, ಶಾಪ ಬಂತು. ಬೆಳಿಗ್ಗೆ ಕಚ್ಚಿಹಾಕಿದ ಚಪ್ಪಲಿಗಾಗಿ ಸಂಜೆ ಕಚೇರಿಯಿಂದ ಬಂದವರು ಏಟು ಕೊಟ್ಟರೆ ನಾಯಿಗೆ ಆ ಏಟಿನ ಕಾರಣ ತಿಳಿಯುವುದಿಲ್ಲ. ಅದರ ಲೆಕ್ಕದಲ್ಲಿ ಅದೂ ಸರಮೆಯ ಮಗನೇ.

ಇನ್ನು ಒಂದು ತಿಂಗಳು ಹೊರಗೆ ಬಿಟ್ಟು ಕಲಿಸುವ ದಾರಿ. ಇದರಲ್ಲಿರುವ ಆಕರ್ಷಣೆಯನ್ನು ಅಲ್ಲಗಳೆಯಲಾಗದು: ಬಟ್ಟೆಯನ್ನು ಇಸ್ತ್ರಿಗೆ ಕೊಟ್ಟು ತಂದಂತೆ. ಆದರೆ ನಾಯಿ ಒಂದು ಜಾಗದಲ್ಲಿ, ಒಬ್ಬರಿಂದ ಕಲಿತದ್ದು ಇನ್ನೊಂದು ಜಾಗದಲ್ಲಿ, ಇನ್ನೊಬ್ಬರ ಮುಂದೆ ತಾನಾಗಿಯೇ ಬರುವುದಿಲ್ಲ. ೨೦೧೬ರಲ್ಲಿ ನಮ್ಮ ಮುಧೋಳದ ಮರಿಗಳನ್ನು ಸೈನ್ಯದವರು ಮೀರತ್ತಿನ ಪಶುವೈದ್ಯ ದಳದ ಕೇಂದ್ರಕ್ಕೆ ತರಬೇತಿಗೆ ಒಯ್ದಾಗ ಕನ್ನಡಿಗರೆಲ್ಲ ಹೆಮ್ಮೆಪಟ್ಟೆವು. ಸೈನ್ಯದಲ್ಲಿ ನಾಯಿಯೊಂದಕ್ಕೇ ಪಾಠವಿಲ್ಲ; ಅದನ್ನು ನೋಡಿಕೊಳ್ಳುವ ಸಿಪಾಯಿಯೂ ಅದರ ಜೊತೆಗೆ ಕಲಿಯುತ್ತಾನೆ. ಮನೆಯಲ್ಲಿ ಆ ಸಿಪಾಯಿಯ ಸ್ಥಾನ ಮನೆಯವರದು. ಆದ್ದರಿಂದ ಕಲಿಸುವವರಿಗೆ ಕೊಡುವ ಹಣದಲ್ಲಿ ಹೆಚ್ಚಿನ ಪಾಲು ನಾಯಿಯ ಫೀಸಲ್ಲ, ಮನೆಯವರ ಫೀಸು. ಹಣ ಕೊಟ್ಟೆವೆಂದು ದಿನದ ಅರ್ಧ ಗಂಟೆಯನ್ನು ಉಳಿಸಿಕೊಂಡವರಿಗೆ ಆ ಹಣವೂ ವ್ಯರ್ಥ. ಹಣವಿಲ್ಲದವರು ಇದೇ ಸಾಲವನ್ನು ಹೊತ್ತು, ಸಹನೆಗಳ ರೂಪದಲ್ಲಿ ತೀರಿಸಬಹುದು. ಎಷ್ಟೋ ಮನೆಗಳಲ್ಲಿ ಹಾಗೆಯೇ ತೀರಿಸುತ್ತಾರೆ. ಮೈಮೇಲೆ ಹಾರುವ, ಅಂಜಿ ಹಲ್ಲು ತೋರಿಸುವ ನಾಯಿಯ ವಿಷಯದಲ್ಲಿ ಮಾತ್ರ ಕಸುಬು ಬಲ್ಲವರ ಕೈ ಬೇಕು. ಪ್ರಯೋಗ ಮಾಡಿ ಕಲಿಯೋಣವೆಂದರೆ ಆ ಪ್ರಯೋಗ ನಡೆಯುವುದು ಬೇರೆಯವರ ಕಾಲಿನ ಮೇಲೆ.

ಹೀಗೆ ಯೋಚಿಸಿ, ಭಾನುವಾರಗಳಂದು ಮನೆಗೇ ಬಂದು, ರೊಟ್ಟಿಯ ಚೂರುಗಳಿಂದಲೇ ಕಲಿಸುವ ಒಬ್ಬರನ್ನು ಎಂಟು ವಾರಗಳಿಗೆ ಗೊತ್ತುಮಾಡಿದೆವು. ಮನೆಯ ನಾಲ್ವರೂ ಪಾಠಕ್ಕೆ ಹಾಜರಿರಬೇಕೆಂಬುದು ಅವರ ಷರತ್ತು. ಹಣವನ್ನು ಎಲ್ಲಿಂದ ತೆಗೆಯಬೇಕೆಂಬ ಚರ್ಚೆ ಒಂದು ರಾತ್ರಿ ನಡೆಯಿತು. ಊರಿನಲ್ಲಿರುವ ತಾಯಿಯವರಿಗೆ ತಿಂಗಳು ತಿಂಗಳು ಕಳುಹಿಸುವ ಹಣದಲ್ಲಿ ಒಂದು ಕಾಸನ್ನೂ ಮುಟ್ಟಕೂಡದು, ಮಕ್ಕಳ ಓದಿನ ಹಣವನ್ನೂ ಮುಟ್ಟಕೂಡದು ಎಂದಾಯಿತು. ತಮ್ಮ ಸಾಲವನ್ನು ತಮ್ಮ ಸುಖದಿಂದ ತೀರಿಸಬೇಕೇ ಹೊರತು ಇನ್ನೊಬ್ಬರ ಪಾಲಿನಿಂದಲ್ಲ. ಈ ಬೇಸಗೆಗೆ ಕೊಳ್ಳಬೇಕೆಂದಿದ್ದ ಹೊಸ ಕೂಲರನ್ನು ಮುಂದಿನ ವರ್ಷಕ್ಕೆ ದೂಡಿದೆವು. ದಿಲ್ಲಿಯ ಜೂನ್ ತಿಂಗಳನ್ನು ಬಲ್ಲ ಓದುಗರಿಗೆ ಇದರ ಬೆಲೆ ಗೊತ್ತು.

ಎಂಟರಲ್ಲಿ ಮೂರು ಭಾನುವಾರಗಳು ಕಳೆದಿವೆ. ಮೋತಿ ಈಗ 'ಕೂರು' ಎಂದರೆ ಹತ್ತರಲ್ಲಿ ಆರು ಸಲ ಕೂರುತ್ತದೆ. ಸೈಕಲ್ಲಿನ ಮೇಲಿನ ಸಿಟ್ಟು ಇಳಿದಿಲ್ಲ. ಎಂಟು ವಾರ ಮುಗಿದ ಮೇಲೂ ಅದು ಪೂರ್ತಿ ಸಾಧುವಾಗುತ್ತದೆಂದು ಕಲಿಸುವವರೂ ಹೇಳುವುದಿಲ್ಲ. ಕೆಳಮನೆಯ ಹಿರಿಯರು ಯಾರನ್ನೂ ಕೇಳದೆ ಬಾಗಿಲು ತೆರೆದು ಹೊರಗೆ ಬರುವಂತಾಗಬೇಕು. ಮೋತಿಗೂ ಸರಪಳಿಯಿಲ್ಲದೆ ಒಂದಿಷ್ಟು ಹೊತ್ತು ನೆಮ್ಮದಿಯಾಗಿ ಬಿದ್ದುಕೊಳ್ಳಲು ಬರಬೇಕು. ಅಷ್ಟಾದರೆ ಈ ಲೆಕ್ಕದಲ್ಲಿ ನಮ್ಮ ಬಾಕಿ ತೀರಿದಂತೆ. ಅಲ್ಲಿಯವರೆಗೆ ದಿನದ ಅರ್ಧ ಗಂಟೆಯ ಕಂತನ್ನು ಕಟ್ಟುತ್ತ ಹೋಗುವುದೇ ಸರಿ ಎಂದು ನಮಗನ್ನಿಸುತ್ತದೆ.