ಸ್ವಾವಲಂಬನವೂ ಋಣವೂ

ಮನುಷ್ಯನು ಪರಾಧೀನನಾಗಿರಬಾರದೆಂಬದು ನಮ್ಮ ಹಿರಿಯರ ಉಪದೇಶಗಳಲ್ಲಿ ಮುಖ್ಯವಾದದ್ದು. ಹುಟ್ಟುವಾಗಲೇ ಅವನು ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತು ಬರುತ್ತಾನೆಂಬದೂ ಅದೇ ಹಿರಿಯರ ಮಾತು. ಒಂದು ವಚನವು ಯಾರ ಹಂಗೂ ಬೇಡವೆನ್ನುತ್ತದೆ. ಇನ್ನೊಂದು, ಹಂಗಿಲ್ಲದ ಬಾಳೇ ಇಲ್ಲವೆನ್ನುತ್ತದೆ. ಇವೆರಡೂ ಒಂದೆಡೆ ಹೇಗೆ ನಿಲ್ಲಬಲ್ಲವೆಂಬ ಪ್ರಶ್ನೆಯು ಹಳೆಯದು; ಆದರೆ ಈಚೆಗೆ ಅದು ಹೊಸ ವೇಷವನ್ನು ತೊಟ್ಟು ನಮ್ಮ ಅಂಗಳದವರೆಗೂ ಬಂದಿದೆ. ಮಾಡಿನ ಮೇಲೆ ಸೌರಫಲಕಗಳನ್ನೂ ಒಡಲಿನಲ್ಲಿ ಎರಡನೆಯ ಬ್ಯಾಟರಿಯನ್ನೂ ಹೊತ್ತು ತಿರುಗುವ ವ್ಯಾನೇ ಆ ವೇಷವು.

ಪಟ್ಟಣದ ನೌಕರಿಯನ್ನು ಎಲ್ಲಿ ಕುಳಿತಾದರೂ ಮಾಡಬಹುದಾದ ಕಾಲವಿದು. ನಂದೊಳ್ಳಿಯ ಒಬ್ಬ ತರುಣನು ಅಂಥ ನೌಕರಿಯವನಾಗಿದ್ದು, ವ್ಯಾನನ್ನೇ ಸಂಚಾರಿಗೃಹವಾಗಿ ಮಾಡಿಕೊಂಡನೆಂದು ಭಾವಿಸೋಣ. ಅವನು ಛಾವಣಿಗೆ 300 ವಾಟ್ ಶಕ್ತಿಯ ಫಲಕಗಳನ್ನು ಬಿಗಿಯುತ್ತಾನೆ. ಅಲ್ಲಿ ಹುಟ್ಟಿದ ವಿದ್ಯುತ್ತು ಚಾರ್ಜ್ ಕಂಟ್ರೋಲರೆಂಬ ಪೆಟ್ಟಿಗೆಯ ಮುಖಾಂತರ ಹದಗೊಂಡು ಬ್ಯಾಟರಿಯನ್ನು ಸೇರುತ್ತದೆ. ಹಗಲಿನ ಬಿಸಿಲು ರಾತ್ರಿಯ ದೀಪವಾಗುತ್ತದೆ, ಫ್ಯಾನಿನ ಗಾಳಿಯಾಗುತ್ತದೆ. "ನಾನು ಇನ್ನು ಯಾರ ಹಂಗಿನಲ್ಲಿಯೂ ಇಲ್ಲ" ಎಂದು ಅವನು ಹೇಳಿದರೆ, ಆ ಮಾತು ಎಷ್ಟರಮಟ್ಟಿಗೆ ನಿಜವೆಂಬದೇ ಇಲ್ಲಿಯ ವಿಚಾರ.

ಮೊದಲು ಈ ಏರ್ಪಾಡಿನ ಸ್ವರೂಪವನ್ನು ನೋಡೋಣ. ಇಲ್ಲದ್ದನ್ನು ಪಡೆಯುವದು ಯೋಗ, ಪಡೆದದ್ದನ್ನು ಕಾಪಾಡುವದು ಕ್ಷೇಮ ಎಂದು ಯೋಗಕ್ಷೇಮ ಶಬ್ದವನ್ನು ಭಾಷ್ಯಕಾರರು ಬಿಡಿಸುತ್ತಾರೆ. ಇಲ್ಲಿ ಫಲಕವು ಯೋಗ, ಬ್ಯಾಟರಿಯು ಕ್ಷೇಮ. ಬಿಸಿಲನ್ನು ಕೂಡಿಡುವ ಕೆಲಸವು ನಮ್ಮ ಸೀಮೆಯವರಿಗೆ ಹೊಸದೂ ಅಲ್ಲ. ಅಂಗಳದಲ್ಲಿ ಅಡಿಕೆಯನ್ನು ಒಣಗಿಸಿ ಚಾಲಿ ಮಾಡುವದು, ಬೇಸಗೆಯಲ್ಲಿಯೇ ಹಪ್ಪಳ ಸಂಡಿಗೆಗಳನ್ನು ಹಾಕಿ ಡಬ್ಬಿ ತುಂಬುವದು, ಒಣಕಟ್ಟಿಗೆಯನ್ನು ಕೊಟ್ಟಿಗೆಯ ಅಟ್ಟಕ್ಕೇರಿಸುವದು, ಇವೆಲ್ಲವೂ ನಾಲ್ಕು ತಿಂಗಳ ಮಳೆಗಾಲಕ್ಕಾಗಿ ಕಟ್ಟಿಟ್ಟ ಬಿಸಿಲೇ. ಆದುದರಿಂದ ಸಂಗ್ರಹಮಾತ್ರದಿಂದ ದೋಷವಿಲ್ಲ. ದೋಷವು ಅಳತೆ ತಪ್ಪಿದಾಗ ಬರುವದು.

ಆ ಅಳತೆಯನ್ನು ವ್ಯಾನು ಕಟ್ಟುನಿಟ್ಟಾಗಿ ಕಲಿಸುತ್ತದೆ. ಚೊಕ್ಕ ಬೇಸಗೆಯ ದಿನದಲ್ಲಿ 300 ವಾಟಿನ ಫಲಕಗಳಿಂದ, ನಷ್ಟವನ್ನು ಕಳೆದು, ಸುಮಾರು 1200 ವಾಟ್-ಗಂಟೆ, ಎಂದರೆ ಒಂದು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು, ದೊರಕೀತು. ಏಳು ವಾಟಿನ ಎರಡು ದೀಪಗಳು ಐದು ಗಂಟೆ ಉರಿದರೆ 70. 25 ವಾಟಿನ ಫ್ಯಾನು ಎಂಟು ಗಂಟೆ ತಿರುಗಿದರೆ 200. ಲ್ಯಾಪ್‌ಟಾಪಿಗೆ ಆರು ಗಂಟೆಯ ಕೆಲಸಕ್ಕೆ 300. ಸಣ್ಣದೊಂದು ಶೀತಪೆಟ್ಟಿಗೆಗೆ ದಿನವೊಂದಕ್ಕೆ ಸುಮಾರು 500. ಅಲ್ಲಿಗೆ ಆದಾಯವು ಬಹುತೇಕ ತೀರಿತು. ಇದರ ಮೇಲೆ ಚಹದ ನೀರಿಗೆಂದು 1500 ವಾಟಿನ ಕೆಟಲನ್ನು ಹತ್ತೇ ನಿಮಿಷ ಹಚ್ಚಿದರೂ 250 ಹೋಗುವದು. ಅಷ್ಟೇ ಅಲ್ಲ, 12 ವೋಲ್ಟಿನ ಬ್ಯಾಟರಿಯಿಂದ 125 ಆಂಪಿಯರಿಗೂ ಮಿಕ್ಕ ಪ್ರವಾಹವನ್ನು ಎಳೆದು ಸಣ್ಣ ತಂತಿಯನ್ನು ಸುಡುವದು. ಆಷಾಢದ ಮೋಡದಲ್ಲಿ ಆದಾಯವು ಕಾಲುಭಾಗಕ್ಕೂ ಇಳಿದೀತು. ಬೇಸಗೆಯಲ್ಲಿಯೂ ತೊಡಕುಂಟು: ಒಳಗಿರುವವನು ಮರದ ನೆರಳನ್ನು ಬಯಸುತ್ತಾನೆ, ಮೇಲಿರುವ ಫಲಕವು ಬಿಸಿಲನ್ನು ಬಯಸುತ್ತದೆ, ಫಲಕದ ಒಂದು ಮೂಲೆಗೆ ನೆರಳು ಬಿದ್ದರೂ ಅದರ ಫಲವು ಬಹಳ ಕುಗ್ಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ಶಾಲೆಯಲ್ಲಿ ಎಷ್ಟು ಸಲ ಹೇಳಿಕೊಟ್ಟರೂ ಹತ್ತದ ಬುದ್ಧಿಯು ಇಲ್ಲಿ ಒಂದು ವಾರದಲ್ಲಿ ಹತ್ತುತ್ತದೆ.

ಬ್ಯಾಟರಿಗಳು ಎರಡೇಕೆಂಬದೂ ವಿಚಾರಯೋಗ್ಯವಾಗಿದೆ. ಮೊದಲನೆಯದು ಇಂಜಿನನ್ನು ಎಬ್ಬಿಸುವದಕ್ಕೆ ಮೀಸಲು. ಎರಡನೆಯದು ನಿತ್ಯದ ಭೋಗಕ್ಕೆ. ವ್ಯಾನು ನಿಂತಿರುವಾಗ ಎರಡನ್ನೂ ಬೇರ್ಪಡಿಸಿಡುವ ಸಾಧನವೊಂದನ್ನು ನಡುವೆ ಹಾಕುತ್ತಾರೆ. ಹಾಗೆ ಮಾಡದಿದ್ದರೆ ರಾತ್ರಿಯ ಹಾಡು ಹರಟೆಗಳಲ್ಲಿ ಮೊದಲನೆಯದೂ ಬರಿದಾಗಿ, ಬೆಳಿಗ್ಗೆ ಗಾಡಿಯೇ ಏಳದು. ಭೋಗಕ್ಕೆಂದು ಇಟ್ಟದ್ದನ್ನೂ ತಳದವರೆಗೆ ತೆಗೆಯುವಂತಿಲ್ಲ. ಸೀಸದ ಬ್ಯಾಟರಿಯಾದರೆ ಅರ್ಧಕ್ಕೆ ಕೈಬಿಡಬೇಕು. ಲಿಥಿಯಂ ಐರನ್ ಫಾಸ್ಫೇಟಿನದಾದರೆ ನೂರಕ್ಕೆ ಎಂಬತ್ತರವರೆಗೆ ಬಳಸಬಹುದು. ಬಿತ್ತನೆಯ ಭತ್ತವನ್ನು ಊಟದ ಕಣಜದಿಂದ ಬೇರೆಯಾಗಿ ಇಡುತ್ತಿದ್ದ ಮನೆಗಳಿಗೆ ಈ ಧರ್ಮವನ್ನು ಹೊಸದಾಗಿ ಹೇಳಬೇಕಾದದ್ದಿಲ್ಲ.

ಇನ್ನು ತರುಣನ ಪಕ್ಷವನ್ನು ಕೇಳೋಣ, ಅದು ಹುರುಳಿಲ್ಲದ್ದಲ್ಲ. ನಮ್ಮ ಜಿಲ್ಲೆಯಲ್ಲಿಯಂತೂ ಅದಕ್ಕೆ ವಿಶೇಷವಾದ ಬಲವಿದೆ. ಕಾಳಿನದಿಗೆ ಸೂಪಾದಲ್ಲಿ ಅಣೆಕಟ್ಟು ಬಂದಾಗ ಹಳೆಯ ಸೂಪಾ ಊರೇ ನೀರಿನಡಿ ಹೋಯಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ನಿರ್ವಸಿತರು ರಾಮನಗರ ಮೊದಲಾದೆಡೆ ಮನೆಗಳನ್ನು ಹೂಡಬೇಕಾಯಿತು. ನಮ್ಮ ಯಲ್ಲಾಪುರ ತಾಲೂಕಿನ ಕೊಡಸಳ್ಳಿಯಲ್ಲಿ 120 ಮೆಗಾವಾಟ್ ವಿದ್ಯುತ್ತಿಗಾಗಿ ತೋಟಗದ್ದೆಗಳು ಮುಳುಗಿದವು. ಆ ವಿದ್ಯುತ್ತಿನ ಬಹುಪಾಲು ದೂರದ ಪಟ್ಟಣಗಳಿಗೆ ಹರಿಯಿತು. ಅಲ್ಲಿ ಗುಂಡಿಯನ್ನೊತ್ತುವವನಿಗೆ ಇಂಥವರ ಗದ್ದೆ ತನ್ನ ದೀಪದಲ್ಲಿ ಉರಿಯುತ್ತಿದೆಯೆಂಬ ಅರಿವು ಇರುವದಿಲ್ಲ. ಇರಲು ದಾರಿಯೂ ಇಲ್ಲ. "ನನ್ನ ಬೆಳಕಿಗಾಗಿ ಯಾರ ಊರೂ ಮುಳುಗಲಿಲ್ಲ" ಎಂದು ತರುಣನು ಹೇಳಿದರೆ, ಆ ಮಾತನ್ನು ತಲೆಬಾಗಿ ಕೇಳಬೇಕು.

ಆದರೂ ಅವನು ಋಣಮುಕ್ತನೆನ್ನಲು ಬರುವದಿಲ್ಲ. ಫಲಕದೊಳಗಿನ ಸಿಲಿಕಾನನ್ನು ಬೆಣಚುಕಲ್ಲಿನಿಂದ, ಸುಮಾರು 2000 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ, ಕಲ್ಲಿದ್ದಲು ಮೊದಲಾದ ಇಂಗಾಲದ ಪದಾರ್ಥಗಳೊಡನೆ ಕಾಯಿಸಿ ತೆಗೆಯುತ್ತಾರೆ. ಜಗತ್ತಿನ ಫಲಕಗಳಲ್ಲಿ ಬಹುಪಾಲು ಚೀನಾದೇಶದಲ್ಲಿ ಆಗುತ್ತವೆ. ಅಲ್ಲಿಯ ವಿದ್ಯುತ್ತಿಗೆ ಕಲ್ಲಿದ್ದಲೇ ದೊಡ್ಡ ಆಸರೆ. ಬ್ಯಾಟರಿಯ ಸೀಸವಾಗಲಿ ಲಿಥಿಯಮ್ಮಾಗಲಿ ಯಾವದೋ ನೆಲವನ್ನು ಅಗೆದು ತಂದದ್ದು. ಬಿಸಿಲುನಾಡಿನಲ್ಲಿ ಫಲಕವು ತನ್ನ ಹುಟ್ಟಿಗೆ ತಗುಲಿದ ಶಕ್ತಿಯನ್ನು ಒಂದೆರಡು ವರ್ಷಗಳಲ್ಲಿ ಮರಳಿ ಕೊಟ್ಟು, ಇಪ್ಪತ್ತೈದು ವರ್ಷಗಳಷ್ಟು ಕಾಲ ದುಡಿಯುತ್ತದೆಂಬದನ್ನೂ ನ್ಯಾಯವಾಗಿ ಹೇಳಬೇಕು. ಶಕ್ತಿಯ ಸಾಲವು ಹೀಗೆ ತೀರಬಹುದು. ಅಗೆದ ನೆಲದ, ದುಡಿದ ಕೈಯ ಸಾಲವು ಹಾಗೆ ತೀರುವದಿಲ್ಲ. ಇನ್ನು ಋಷಿಋಣ. ಬೆಳಕಿನಿಂದ ವಿದ್ಯುತ್ತು ಹುಟ್ಟುವದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲಿ ಕಂಡನು; ಗಾಸ್ತೋ ಪ್ಲಾಂಟೆಯು 1859ರಲ್ಲಿ ಸೀಸದ ಬ್ಯಾಟರಿಯನ್ನು ರಚಿಸಿದನು; ಅಮೇರಿಕದ ಬೆಲ್ ಪ್ರಯೋಗಶಾಲೆಯವರು 1954ರಲ್ಲಿ ಸಿಲಿಕಾನಿನ ಸೌರಕೋಶವನ್ನು ಲೋಕಕ್ಕೆ ತೋರಿಸಿದರು. ಈ ದ್ರಷ್ಟಾರರ ಹಂಗು ತಪ್ಪಿದ್ದೆಲ್ಲಿ? ಗಾಲಿಗಳಾದರೂ ಬಿಸಿಲಿನಿಂದ ತಿರುಗುವದಿಲ್ಲ. 2017ರಲ್ಲಿ ನಮ್ಮ ರೈಲ್ವೆಯವರು ಡಬ್ಬಿಗಳ ಮಾಡಿಗೆ ಫಲಕಗಳನ್ನು ಹಚ್ಚಿದ ಬಂಡಿಯೊಂದನ್ನು ದಿಲ್ಲಿಯಲ್ಲಿ ಓಡಿಸತೊಡಗಿದಾಗ, ದೀಪ ಪಂಖಗಳು ಸೂರ್ಯನವಾದವು. ಎಳೆತವು ಡೀಸೆಲಿನದೇ ಆಗಿ ಉಳಿಯಿತು. ನಮ್ಮ ವ್ಯಾನಿನ ಸ್ಥಿತಿಯೂ ಇದೇ.

ಹಾಗಾದರೆ ಫಲಕವಿದ್ದವನಿಗೂ ಇಲ್ಲದವನಿಗೂ ಭೇದವೇ ಇಲ್ಲವೋ? ಉಂಟು. ತಂತಿಯ ವಿದ್ಯುತ್ತು ಋಣವನ್ನು ಮರೆಸುತ್ತದೆ. ಛಾವಣಿಯ ವಿದ್ಯುತ್ತು ಅದನ್ನು ಎಣಿಸುವ ರೂಢಿಯನ್ನು ಹಚ್ಚುತ್ತದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಎಷ್ಟೋ ಬಡ ಮನೆಗಳ ಭಾರವು ಇಳಿದಿದೆ, ಅದು ಒಳಿತೇ. ಆದರೆ ಬಿಲ್ಲಿನಲ್ಲಿ ಶೂನ್ಯವನ್ನು ಕಂಡವನು ವೆಚ್ಚವೂ ಶೂನ್ಯವೆಂದು ಬಗೆದರೆ, ಕಾಳಿಯ ದಂಡೆಯ ಜನರ ಲೆಕ್ಕವು ಇನ್ನಷ್ಟು ಮರೆಯಾಗುವದು. ತೋಟದ ಹಸುರನ್ನು ಮಾತ್ರ ನೋಡಿ, ಅದಕ್ಕೆ ಸೊಪ್ಪನ್ನು ಕೊಟ್ಟ ಬೆಟ್ಟವನ್ನು ಮರೆತವನು ಒಳ್ಳೆಯ ತೋಟಿಗನಾಗಲಾರನು. ನನಗೆ ತೋರುವ ಸಿದ್ಧಾಂತವಿಷ್ಟು: ಸ್ವಾವಲಂಬಿಯೆಂದರೆ ತನ್ನ ಋಣದ ಲೆಕ್ಕವನ್ನು ತಾನೇ ಬಲ್ಲವನು, ಬಲ್ಲದ್ದರಿಂದ ಬೇಕುಗಳನ್ನು ತಾನೇ ತಡೆಯಬಲ್ಲವನು. ಈ ಅರ್ಥದಲ್ಲಿ ಹಿರಿಯರ ಎರಡು ವಚನಗಳಿಗೂ ವಿರೋಧವಿಲ್ಲ.

ಲೆಕ್ಕವನ್ನು ಬಲ್ಲವನಿಗೆ ತೀರಿಸುವ ಹೊಣೆಯೂ ಬಂದಿತು. ನೊಂದಾಯಿಸಿದ ವಾಹನವನ್ನು ಮನಬಂದಂತೆ ಮಾರ್ಪಡಿಸುವದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. ಅನುಮತಿಯನ್ನು ಕೇಳಿ, ಫಲಕವನ್ನು ಗಾಳಿಗೆ ಹಾರದಂತೆ ಬಿಗಿದು, ಬ್ಯಾಟರಿಯ ಬುಡದಲ್ಲಿಯೇ ಫ್ಯೂಜು ಹಾಕುವದು ಸಹಪಥಿಕರಿಗೆ ಸಲ್ಲಬೇಕಾದದ್ದು. ಸತ್ತ ಬ್ಯಾಟರಿಯನ್ನು ಹಳ್ಳಕ್ಕೆಸೆದರೆ ಅದರ ಸೀಸವೂ ಆಮ್ಲವೂ ಕೆಳಗಿನ ಮನೆಯವರ ನೀರನ್ನು ಸೇರುವವು. ಹಳೆಯ ಬ್ಯಾಟರಿಗಳನ್ನು ಮರಳಿ ಪಡೆಯುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಅದನ್ನು ತಕ್ಕ ಸ್ಥಳಕ್ಕೆ ಮುಟ್ಟಿಸುವ ಹೊಣೆಯು ನಮ್ಮದು.

ಇಷ್ಟಾದರೂ ಒಂದು ಋಣವು ಉಳಿಯಿತು. ಶತಪಥಬ್ರಾಹ್ಮಣವು ಮೂರು ಋಣಗಳೊಡನೆ ನಾಲ್ಕನೆಯದಾಗಿ ಮನುಷ್ಯಋಣವನ್ನೂ ಹೇಳಿ, ಬಂದವರಿಗೆ ನೆಲೆಯನ್ನೂ ಅನ್ನವನ್ನೂ ಕೊಡುವದರಿಂದ ಅದು ತೀರುವದೆಂದು ವಿಧಿಸುತ್ತದೆ. ಮಳೆಗಾಲದಲ್ಲಿ ಮರವುರುಳಿ ತಂತಿ ಹರಿದು, ದಿನಗಟ್ಟಲೆ ಕರೆಂಟಿಲ್ಲದೆ ಕುಳಿತುಕೊಳ್ಳುವದು ನಮ್ಮ ಹಳ್ಳಿಗಳಿಗೆ ವಾಡಿಕೆಯೇ ಆಗಿದೆ. ಅಂಥ ರಾತ್ರಿ ವೈದ್ಯರಿಗೆ ಸುದ್ದಿ ಮುಟ್ಟಿಸಬೇಕಾದ ನೆರೆಮನೆಯವರ ಫೋನು ಸತ್ತು ಬಿದ್ದಿರುತ್ತದೆ. ಅದಕ್ಕೆ ಜೀವ ಬರಲು ಹತ್ತಿಪ್ಪತ್ತು ವಾಟ್-ಗಂಟೆ ಸಾಕು. ಮೋಡದ ದಿನಗಳಲ್ಲಿ ತನ್ನ ಫ್ಯಾನನ್ನು ನಿಲ್ಲಿಸಿ, ಕೂಡಿಟ್ಟ ಅಷ್ಟು ಬಿಸಿಲನ್ನು ವ್ಯಾನಿನ ತರುಣನು ಆ ಮನೆಗೆ ಕೊಟ್ಟನಾದರೆ, ಅವನ ಎರಡನೆಯ ಬ್ಯಾಟರಿಯು ಸಾರ್ಥಕವಾಯಿತೆಂದೇ ತಿಳಿಯಬೇಕು.