ಜೂಜಿನ ಹೊನ್ನೂ ಕಾಯಕದ ಊರೂ

ಹಸಿದ ಊರಿಗೆ ಯಾವ ಅನ್ನವಾದರೂ ಸಲ್ಲುವುದೇ ಎಂಬ ಪ್ರಶ್ನೆಗೆ ಉಂಡು ಕುಳಿತವರು ಬೇಗನೆ ಉತ್ತರ ಕೊಟ್ಟುಬಿಡುವರು. ಹಸಿದವರಿಗೆ ಅದು ಅಷ್ಟು ಸುಲಭವಲ್ಲ. ಅಮೆರಿಕಾದ ಪೆನ್ಸಿಲ್ವೇನಿಯಾ ರಾಜ್ಯದ ಬೆಥ್ಲೆಹೆಮ್ ಎಂಬ ಪಟ್ಟಣದ ವೃತ್ತಾಂತವನ್ನು ಅರಿತವರಿಗೆ ಈ ಮಾತು ಮನದಟ್ಟಾಗದಿರದು.

ಆ ಪಟ್ಟಣವು ಉಕ್ಕಿನಿಂದ ಬೆಳೆಯಿತು. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಗೆ ಉಕ್ಕನ್ನೊದಗಿಸಿದುದು ಬೆಥ್ಲೆಹೆಮ್ ಸ್ಟೀಲ್ ಕಂಪನಿಯೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಊರಿನ ಕಾರ್ಖಾನೆಯೊಂದರಲ್ಲೇ ಸುಮಾರು 30,000 ಜನ ದುಡಿಯುತ್ತಿದ್ದರು. 1995ರಲ್ಲಿ ಅಲ್ಲಿನ ಕುಲುಮೆಗಳು ಆರಿದವು. 2001ರಲ್ಲಿ ಕಂಪನಿಯು ದಿವಾಳಿಯೆದ್ದಿತು. 2003ರಲ್ಲಿ, ಬಾಳೆಲ್ಲ ಬೆಂಕಿಯ ಮುಂದೆ ಬೆವರು ಸುರಿಸಿ ನಿವೃತ್ತರಾದವರ ವೈದ್ಯಕೀಯ ವಿಮೆಯೂ ರದ್ದಾಯಿತು.

ರಾಜ್ಯದ ಶಾಸನಸಭೆಯು 2004ರಲ್ಲಿ ಜೂಜುಯಂತ್ರಗಳಿಗೆ ಅನುಮತಿ ನೀಡಿತು. 2009ರಲ್ಲಿ ಆ ಉಕ್ಕಿನ ನೆಲದ ಮೇಲೆಯೇ ಕ್ಯಾಸಿನೋ ತೆರೆಯಿತು. ಅದಿರು ಎತ್ತುತ್ತಿದ್ದ ಭಾರಿ ಕ್ರೇನಿನ ಮೇಲೆ ಜೂಜುಮನೆಯ ಹೆಸರು ದೀಪಗಳಿಂದ ಹೊಳೆಯತೊಡಗಿತು. ಯಂತ್ರಗಳ ಗಳಿಕೆಯಲ್ಲಿ ಅರ್ಧಕ್ಕೂ ಮಿಗಿಲಾದುದು ತೆರಿಗೆಗೆ ಸಲ್ಲುವುದು; ಪಟ್ಟಣದ ಬೊಕ್ಕಸಕ್ಕೂ ವರ್ಷಕ್ಕೆ ಸುಮಾರು 1 ಕೋಟಿ ಡಾಲರ್ ಬರುವುದು. ಕೆಲಸವಿಲ್ಲದವರಿಗೆ ಕೆಲಸ ದೊರೆಯಿತು. ಇವೆಲ್ಲ ಸುಳ್ಳಲ್ಲ, ಇವನ್ನು ಮರೆಮಾಚಿ ಜೂಜನ್ನು ಹಳಿಯುವುದು ನ್ಯಾಯವೂ ಅಲ್ಲ.

ಆದರೆ ಆ ಹೊನ್ನು ಹುಟ್ಟುವ ಬಗೆಯನ್ನು ನೋಡಬೇಕು. ಉಕ್ಕಿನ ತೊಲೆಯನ್ನು ಕೊಂಡವನ ಕೈಯಲ್ಲಿ ತೊಲೆ ಉಳಿಯುತ್ತಿತ್ತು; ಮಾರಿದವನೂ ಬದುಕಿದನು, ಕೊಂಡವನೂ ಬದುಕಿದನು. ಜೂಜುಯಂತ್ರವು ಹಾಕಿದ ಹಣದಲ್ಲಿ ನೂರಕ್ಕೆ ಕನಿಷ್ಠ 85 ಪಾಲನ್ನು ಹಿಂದಿರುಗಿಸಬೇಕೆಂದು ಆ ರಾಜ್ಯದ ಕಟ್ಟಳೆ. ಕೇಳುವುದಕ್ಕೆ ಉದಾರವೇ ಸರಿ! ಹಿಂದಿರುಗಿದುದನ್ನೇ ಮತ್ತೆ ಮತ್ತೆ ಹಾಕುತ್ತ ಕುಳಿತವನಿಗೆ ಇರುಳು ಕಳೆಯುವಾಗ ಉಳಿಯುವುದೇನು? ಒಬ್ಬನ ನಷ್ಟವೇ ಇಲ್ಲಿ ಮತ್ತೊಬ್ಬನ ಲಾಭ. ಉಕ್ಕಿನ ಕಾಲದಲ್ಲಿ ನೆರೆಯವನ ಏಳಿಗೆಯನ್ನು ಬಯಸಬಹುದಾಗಿದ್ದ ಪಟ್ಟಣವು ಈಗ ತನ್ನ ಆಯವ್ಯಯವನ್ನು ಸರಿದೂಗಿಸಲು ನೆರೆಯವನು ಸೋಲಲೆಂದು ಕಾಯಬೇಕಾಗಿದೆ. ಪೊಲೀಸರ ಸಂಬಳವೂ ಬೀದಿಯ ದುರಸ್ತಿಯೂ ಆ ಸೋಲನ್ನೇ ನೆಚ್ಚಿದರೆ, ಜೂಜಿನ ಚಟದಿಂದ ಪ್ರಜೆಯನ್ನು ಬಿಡಿಸಬೇಕಾದ ಆಡಳಿತಕ್ಕೆ ಬಿಡಿಸುವ ಮನಸ್ಸು ಎಲ್ಲಿಂದ ಬರಬೇಕು?

ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಸಂಗತಿ ಶರಣರ ಚರಿತ್ರೆಯನ್ನು ಬಲ್ಲವರಿಗೆಲ್ಲ ತಿಳಿದುದೇ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಅದು, ಯಾರ ಕೈಯಿಂದ ಕಸಿದುದೂ ಅಲ್ಲ. ಆದರೂ ತನ್ನ ಕಾಯಕಕ್ಕೆ ಮೀರಿದುದೆಂದು ಆ ತಾಯಿಗೆ ಬೇಡವಾಯಿತು. ಹೀಗಿರುವಾಗ ಪರರ ಚೀಲ ಬರಿದಾಗಿ ಬಂದುದರ ಮಾತೇನು? ಆದರೆ ಇನ್ನೊಂದನ್ನೂ ನೆನೆಯಬೇಕು. ಲಕ್ಕಮ್ಮ ಬೇಡವೆಂದುದು ತನ್ನ ಮನೆಯ ಅಕ್ಕಿಯನ್ನು. ನೆರೆಮನೆಯ ಒಲೆ ಆರಲಿ ಎಂದು ಆ ತಾಯಿ ಹೇಳಲಿಲ್ಲ. ಕ್ಯಾಸಿನೋದಲ್ಲಿ ನೆಲ ಒರೆಸುವವಳ, ಅಡುಗೆ ಮಾಡುವವನ ಬೆವರು ಬೆವರೇ. ಅವರನ್ನು ದೂಷಿಸುವ ನಾಲಗೆಯು, ಕುಲುಮೆ ಆರಿದ ಮೇಲೆ ಅವರಿಗೆ ಬೇರೊಂದು ದಾರಿಯನ್ನು ಕಾಣದೆ ಹೋದ ಆಳುವವರನ್ನು ಮೊದಲು ಕೇಳಬೇಕು.

ಈ ದಾರಿಯಾದರೂ ಸ್ಥಿರವೆಂಬ ಭರವಸೆಯಿಲ್ಲ. ನೆರೆಯ ನ್ಯೂಜರ್ಸಿ ರಾಜ್ಯದ ಅಟ್ಲಾಂಟಿಕ್ ಸಿಟಿಯು ಉಕ್ಕಿನ ಊರಲ್ಲ, ಕಡಲತೀರದ ವಿಹಾರಸ್ಥಳ. ಕಳೆಗುಂದಿದ ಊರನ್ನು ಎತ್ತಿ ನಿಲ್ಲಿಸಲೆಂದು ಅಲ್ಲಿ 1976ರಲ್ಲಿ ಮತದಾರರು ಒಪ್ಪಿ, 1978ರಲ್ಲಿ ಮೊದಲ ಕ್ಯಾಸಿನೋ ತೆರೆಯಿತು. ಪೆನ್ಸಿಲ್ವೇನಿಯಾ ಮೊದಲಾದ ನೆರೆರಾಜ್ಯಗಳೂ ಅದೇ ಅಂಗಡಿಯನ್ನು ತೆರೆಯಲಾಗಿ ಗಿರಾಕಿಗಳು ಹಂಚಿಹೋದರು. 2014ರೊಂದರಲ್ಲೇ ಅಲ್ಲಿನ 12 ಕ್ಯಾಸಿನೋಗಳಲ್ಲಿ 4 ಮುಚ್ಚಿ, ಸಾವಿರಾರು ಜನ ಕೆಲಸ ಕಳೆದುಕೊಂಡರು. ಬೆಥ್ಲೆಹೆಮಿನ ಪಾಲಿಗೆ ಬಂದ ಡಾಲರುಗಳಲ್ಲಿ ಕೆಲವು, ಅಟ್ಲಾಂಟಿಕ್ ಸಿಟಿಯ ಆ ಮನೆಗಳಿಂದ ಹೊರಟು ಬಂದವುಗಳೇ ಆಗಿದ್ದವು.