ರೂಪಾಯಿಯ ಬೆಲೆಯೂ ಕೂಲಿಯ ನ್ಯಾಯವೂ

ಸಂತೆಯಲ್ಲಿ ಕಾಳು ಮಾರುವವನು ಸೇರಿನ ತಳವನ್ನು ಒಳಕ್ಕೆ ತಟ್ಟಿ ಅಳೆದನೆಂದರೆ ಅವನನ್ನು ಕಳ್ಳನೆನ್ನಲು ಯಾರೂ ಹಿಂಜರಿಯುವದಿಲ್ಲ. ಆದರೆ ಸೇರಿನ ಗಾತ್ರವನ್ನೇ ಸರಕಾರವು ಕಾಯಿದೆಯಿಂದ ಹಿಗ್ಗಿಸಿ, ಹಳೆಯ ಸೇರಿನಲ್ಲಿ ಕಡ ತಂದವನು ಹೊಸ ಸೇರಿನಲ್ಲಿ ತೀರಿಸತಕ್ಕದ್ದೆಂದು ವಿಧಿಸಿತೆಂದು ಭಾವಿಸಿರಿ. ಇಲ್ಲಿ ಕಳ್ಳನಾರು? ಕೊಟ್ಟವನು ಮೋಸ ಮಾಡಲಿಲ್ಲ; ತಂದವನು ತಪ್ಪಲಿಲ್ಲ; ಕಾಯಿದೆ ಬರೆದವನು ಒಂದು ಕಾಳನ್ನೂ ಮನೆಗೆ ಒಯ್ಯಲಿಲ್ಲ. ಆದರೂ ಒಬ್ಬನ ಕಣಜದಿಂದ ಇನ್ನೊಬ್ಬನ ಕಣಜಕ್ಕೆ ಧಾನ್ಯವು ಸರಿದುಹೋಯಿತು. ಕಾಳಿನ ಸೇರಿನ ವಿಷಯದಲ್ಲಿ ಇದು ಬರಿಯ ಕಲ್ಪನೆ. ಎಲ್ಲ ಅಳತೆಗಳಿಗೂ ಅಳತೆಯಾದ ರೂಪಾಯಿಯ ವಿಷಯದಲ್ಲಾದರೋ ಇದು ನಡೆದುಹೋದ ಸಂಗತಿ.

ಇದನ್ನು ವಿಚಾರಿಸಲು ಧುಪದಾಳದಂಥ ಸ್ಥಳವು ಬೇರೆ ದೊರೆಯಲಾರದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಘಟಪ್ರಭೆಗೆ ಇಲ್ಲಿ ಅಡ್ಡಲಾಗಿ ಒಡ್ಡು ಕಟ್ಟಿ, ಎಡದಂಡೆಯ ಕಾಲುವೆಯಿಂದ ನೀರನ್ನು ಹೊಲಗಳಿಗೆ ತಿರುಗಿಸಿದರು. ಒಡ್ಡನ್ನು ದಾಟಿದ ನದಿಯು ಕೆಲವೇ ಮೈಲು ಕೆಳಗೆ ಗೋಕಾಕದಲ್ಲಿ ಸುಮಾರು 170 ಅಡಿ ಧುಮುಕುತ್ತದೆ. ಆ ಧುಮುಕಿನ ಬಲವನ್ನು ನಂಬಿ 1880ರ ದಶಕದಲ್ಲಿ ನೂಲಿನ ಗಿರಣಿ ಎದ್ದಿತು. ಒಂದೇ ನದಿಯ ನೀರು ಒಂದು ಕಡೆ ಒಕ್ಕಲಿಗನನ್ನೂ ಇನ್ನೊಂದು ಕಡೆ ಗಿರಣಿಯ ಕೂಲಿಕಾರನನ್ನೂ ಸಾಕಿತು. ಅಣ್ಣನು ಹೊಲಕ್ಕೆ ಹೋಗುವ, ತಮ್ಮನು ಗಿರಣಿಯ ಸೀಟಿಗೆ ಏಳುವ ಒಂದು ಕೂಡುಮನೆಯನ್ನು ಈ ಸೀಮೆಯಲ್ಲಿ ಊಹಿಸುವದು ಕಷ್ಟವಲ್ಲ.

1926ರಲ್ಲಿ ಹಿಲ್ಟನ್ ಯಂಗ್ ಆಯೋಗವು ರೂಪಾಯಿಯ ಬೆಲೆಯನ್ನು ಒಂದು ಶಿಲಿಂಗು ಆರು ಪೆನ್ಸಿಗೆ ನಿಲ್ಲಿಸಬೇಕೆಂದು ಹೇಳಿತು. 1927ರಲ್ಲಿ ಅದು ಕಾಯಿದೆಯಾಯಿತು. ಮೊದಲನೆಯ ಮಹಾಯುದ್ಧದ ಮುಂಚೆ ಬಹುಕಾಲ ಅದು ಒಂದು ಶಿಲಿಂಗು ನಾಲ್ಕು ಪೆನ್ಸು ಇದ್ದಿತು. ಎರಡು ಪೆನ್ಸಿನ ಈ ಅಂತರವನ್ನು ಅಣ್ಣನ ಲೆಕ್ಕದಲ್ಲಿ ನೋಡಬೇಕು. ಬೆಳಗಾವಿ ಸೀಮೆಯ ಹತ್ತಿಯ ಧಾರಣೆಯು ಪರದೇಶದ ಪೇಟೆಯನ್ನು ನೋಡಿ ಏರಿಳಿಯುವದು. ಅಲ್ಲಿ ಒಂದು ಪೌಂಡು ತರುವ ಹತ್ತಿಗೆ ಹಳೆಯ ದರದಲ್ಲಿ 15 ರೂಪಾಯಿ. ಹೊಸ ದರದಲ್ಲಿ 13 ರೂಪಾಯಿ 5 ಆಣೆ 4 ಪೈ. ಹತ್ತಿ ಅಷ್ಟೇ, ಬೆವರೂ ಅಷ್ಟೇ. ಆದರೆ ಸಾವುಕಾರನ ಖಾತೆಯಲ್ಲಿಯ 150 ರೂಪಾಯಿ 150 ಆಗಿಯೇ ಉಳಿಯಿತು. ಮೊದಲು ಹತ್ತು ಪೌಂಡಿನ ಹತ್ತಿಗೆ ತೀರುತ್ತಿದ್ದ ಸಾಲವು ಈಗ ಹನ್ನೊಂದೂಕಾಲು ಪೌಂಡಿನ ಹತ್ತಿಯನ್ನು ಬೇಡಿತು. ಮುಂಬಯಿ ಇಲಾಖೆಯಲ್ಲಿ ಭೂಕಂದಾಯವು ಮೂವತ್ತು ವರ್ಷಕ್ಕೊಮ್ಮೆ ನಿಶ್ಚಿತವಾಗುತ್ತಿದ್ದುದರಿಂದ ಅದೂ ಜಗ್ಗಲಿಲ್ಲ. ಆಯೋಗದ ಸದಸ್ಯರಲ್ಲಿ ಸರ್ ಪುರುಷೋತ್ತಮದಾಸ ಠಾಕೂರದಾಸರು ಭಿನ್ನಮತ ಬರೆದು, ಹಳೆಯ ನಾಲ್ಕು ಪೆನ್ಸಿನ ದರವೇ ಇರಲೆಂದು ವಾದಿಸಿದರು. ಪೇಟೆಯ ದರವು ಕಾಯಿದೆಗೆ ಮೊದಲೇ ಹೊಸ ಮಟ್ಟಕ್ಕೆ ಏರಿದೆ, ಬೆಲೆಗಳು ಅದಕ್ಕೆ ಹೊಂದಿಕೊಂಡಿವೆ ಎಂಬುದು ಎದುರು ಪಕ್ಷದ ಉತ್ತರ. ಆದರೆ ಬೆಲೆಗಳು ಹೊಂದಿಕೊಂಡಷ್ಟು ಸುಲಭವಾಗಿ ಸಾಲಪತ್ರಗಳು ಹೊಂದಿಕೊಳ್ಳುವದಿಲ್ಲವೆಂಬುದು ಆ ಉತ್ತರದಲ್ಲಿ ಮರೆತುಹೋಗಿದೆ.

ಅಣ್ಣನ ಮಾತನ್ನು ಕೇಳಿ ಇಷ್ಟಕ್ಕೇ ತೀರ್ಪು ಕೊಡುವದು ತಮ್ಮನಿಗೆ ಅನ್ಯಾಯ. ಅವನ ಪಗಾರ ರೂಪಾಯಿಯಲ್ಲಿ ಗೊತ್ತಾದುದು. ರೂಪಾಯಿ ಬಲವಾಗಿ ಜೋಳದ ಧಾರಣೆ ಇಳಿದರೆ ಅದೇ ಪಗಾರದಲ್ಲಿ ಅವನ ಮಕ್ಕಳಿಗೆ ಒಂದು ರೊಟ್ಟಿ ಹೆಚ್ಚು. ಡಾ. ಭೀಮರಾವ್ ಅಂಬೇಡಕರರು 1923ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ರೂಪಾಯಿಯ ಸಮಸ್ಯೆಯ ಗ್ರಂಥದಲ್ಲಿ ಈ ಅಂಶವನ್ನೇ ಎತ್ತಿ ತೋರಿಸಿದರು: ನಾಣ್ಯದ ಬೆಲೆ ಕುಗ್ಗಿದಾಗ ಸರಕುಗಳ ಬೆಲೆ ಮುಂದೆ ಓಡುತ್ತದೆ, ಕೂಲಿಯು ಹಿಂದೆ ಕುಂಟುತ್ತದೆ, ವ್ಯಾಪಾರಕ್ಕೆ ಬಂದ ಲಾಭವೆಂದು ಕಾಣುವದು ಕೂಲಿಕಾರನ ತಟ್ಟೆಯಿಂದ ತೆಗೆದದ್ದು. ಅಗ್ಗದ ರೂಪಾಯಿಗಾಗಿ ಹೋರಾಡಿದವರು ಈ ಮಾತಿಗೆ ಸರಿಯಾಗಿ ಉತ್ತರ ಕೊಟ್ಟಂತೆ ಕಾಣುವದಿಲ್ಲ. ಆದರೆ ತಮ್ಮನ ಸುಖವು ಒಂದು ನಿಬಂಧನೆಗೆ ಒಳಪಟ್ಟದ್ದು: ಗಿರಣಿಯು ಅವನನ್ನು ಇಟ್ಟುಕೊಂಡಿರಬೇಕು. ನೂಲಿನ ಬೆಲೆ ಇಳಿದಾಗ ಮಾಲಕನು ಮೊದಲು ನೋಡುವದು ಪಗಾರದ ಪಟ್ಟಿಯನ್ನೇ. 1925ರಲ್ಲಿ ಮುಂಬಯಿಯ ಗಿರಣಿಗಳು ನೂರಕ್ಕೆ ಹನ್ನೊಂದೂವರೆ ಕೂಲಿ ಕಡಿತವನ್ನು ಸಾರಿದವು; ಲಕ್ಷಕ್ಕೆ ಮಿಕ್ಕಿದ ಕೂಲಿಕಾರರು ಹೊರಬಿದ್ದರು. 1928ರ ಮುಷ್ಕರವು ಸುಮಾರು ಆರು ತಿಂಗಳು ನಡೆಯಿತು. ಆ ಕಾಲದ ಮಾಲಕರು ತಮ್ಮ ತೊಂದರೆಗಳಿಗೆ ಕೊಟ್ಟ ಕಾರಣಗಳಲ್ಲಿ ಬಲಗೊಂಡ ರೂಪಾಯಿಯೂ ಒಂದು.

ಯುರೋಪಿನಲ್ಲಿ ಇದೇ ಕಥೆ ಇನ್ನೂ ದೊಡ್ಡ ಅಕ್ಷರಗಳಲ್ಲಿ ಬರೆಯಲ್ಪಟ್ಟಿತು. 1925ರಲ್ಲಿ ಚರ್ಚಿಲ್ಲರು ಪೌಂಡನ್ನು ಯುದ್ಧಪೂರ್ವದ ಸುವರ್ಣದರಕ್ಕೆ ಮರಳಿಸಿದರು. ಅದರಿಂದ ಇಂಗ್ಲಂಡದ ಸರಕು ಪರದೇಶದಲ್ಲಿ ತುಟ್ಟಿಯಾಗುವದೆಂದೂ, ಕೂಲಿಯನ್ನು ಕಡಿಯದೆ ಮಾರಾಟ ನಡೆಯದೆಂದೂ ಕೇನ್ಸ್ ಎಚ್ಚರಿಸಿದರು. ಮರುವರ್ಷವೇ ಕಲ್ಲಿದ್ದಲಿನ ಗಣಿಗಳಲ್ಲಿ ಕೂಲಿ ಕಡಿತದ ಜಗಳವೆದ್ದು, ಮೇ ತಿಂಗಳಲ್ಲಿ ದೇಶವ್ಯಾಪಿ ಮುಷ್ಕರವಾಯಿತು. ಗಣಿಯವರು ತಿಂಗಳುಗಟ್ಟಲೆ ಹಸಿದು, ಕಡಿಮೆ ಕೂಲಿಗೂ ಹೆಚ್ಚಿನ ಹೊತ್ತಿಗೂ ಒಪ್ಪಿ ಒಳಗಿಳಿದರು. ಇಷ್ಟೆಲ್ಲ ತೆತ್ತು ಉಳಿಸಿಕೊಂಡ ಸುವರ್ಣದರವನ್ನು 1931ರ ಸಪ್ಟೆಂಬರದಲ್ಲಿ ಅದೇ ಇಂಗ್ಲಂಡವು ಬಿಟ್ಟುಕೊಟ್ಟಿತು. ರೂಪಾಯಿಯನ್ನು ಮಾತ್ರ ಪೌಂಡಿಗೆ ಹದಿನೆಂಟು ಪೆನ್ಸಿನ ಗಂಟಿನಿಂದಲೇ ಕಟ್ಟಿಹಾಕಿದರು. ಧಾನ್ಯದ ಬೆಲೆ ಬಿದ್ದು ಬಂಗಾರದ ಬೆಲೆ ಏರಿದ ಆ ವರ್ಷಗಳಲ್ಲಿ ಹಳ್ಳಿಗಳ ಪಾಟಲಿ ಬೋರಮಾಳಗಳು ಕರಗಿ ಹಡಗು ಹತ್ತಿದವು. ಅರ್ಥಶಾಸ್ತ್ರದ ಕೋಷ್ಟಕದಲ್ಲಿ ಅದರ ಹೆಸರು ಬಂಗಾರದ ರಫ್ತು.

ಹಾಗಾದರೆ ನಾಣ್ಯವನ್ನು ಸಡಿಲು ಬಿಡುವದೇ ಧರ್ಮವೋ? ಅದೂ ಅಲ್ಲ. 1923ರಲ್ಲಿ ಜರ್ಮನಿಯ ಮಾರ್ಕು ಕಾಗದದ ಬೆಲೆಗಿಳಿದಾಗ ಜೀವಮಾನದ ಉಳಿತಾಯಗಳು ನೀರಾದವು. ನಮ್ಮ ದೇಶದಲ್ಲಿಯೇ ಎರಡನೆಯ ಮಹಾಯುದ್ಧದ ವೆಚ್ಚಕ್ಕಾಗಿ ನೋಟುಗಳು ಐದು ಪಟ್ಟಿಗಿಂತ ಹೆಚ್ಚಿದವು; 1943ರಲ್ಲಿ ಬಂಗಾಲದ ಹೊಲಗೂಲಿಯವನು ಕೈಯಲ್ಲಿ ಕೂಲಿಯ ಕಾಸಿದ್ದೂ ಅಕ್ಕಿಯ ಬೆಲೆಯನ್ನು ಮುಟ್ಟಲಾರದೆ ಸತ್ತನು. ಸ್ಥಿರವಾದ ನಾಣ್ಯವೆಂಬುದು ಸಾವುಕಾರನೊಬ್ಬನ ಸ್ವಾರ್ಥವೆನ್ನುವವರು ಈ ವರ್ಷವನ್ನು ನೆನೆಯಬೇಕು.

ಆದುದರಿಂದ ನಾಣ್ಯವು ಸ್ಥಿರವಾಗಿರಬೇಕೋ ಬೇಡವೋ ಎಂಬುದು ನಿಜವಾದ ಪ್ರಶ್ನೆಯಲ್ಲ. ಸ್ಥಿರಗೊಳಿಸುವ ವೆಚ್ಚವನ್ನು ಯಾರು ಹೊರಬೇಕೆಂಬುದೇ ಪ್ರಶ್ನೆ. ಬಡ್ಡಿಯನ್ನು ಏರಿಸಿದರೆ ಬೆಲೆಗಳು ತಣಿಯುವವು. ಆದರೆ ತಣಿಯುವದು ಹೇಗೆ? ಸಾಲ ತುಟ್ಟಿಯಾಗಿ, ಕಟ್ಟಬೇಕಾದ ಮನೆ ನಿಂತು, ಕೊಳ್ಳಬೇಕಾದ ಯಂತ್ರ ನಿಂತು, ಕೊನೆಗೆ ಯಾವನೋ ಒಬ್ಬನ ಕೆಲಸ ನಿಂತು. ಅಗ್ಗವಾದ ಕಾಳನ್ನು ಎಲ್ಲರೂ ಕೊಳ್ಳುತ್ತಾರೆ. ಕೆಲಸವು ಹೋಗುವದು ಒಬ್ಬನದು. ಕೂಡುಮನೆಯ ಹಿರಿಯನು ಮನೆಯ ಹಿತಕ್ಕಾಗಿ ತಮ್ಮನನ್ನು ಕೆಲಸ ಬಿಡಿಸಿದರೆ ಅವನಿಗೆ ಅನ್ನವಿಕ್ಕುವದನ್ನು ದಾನವೆಂದು ಬರೆದಿಡುವದಿಲ್ಲ. ನಿರುದ್ಯೋಗಿಗೆ ಕೊಡುವ ವೇತನವನ್ನು ರಾಷ್ಟ್ರಗಳು ದಯೆಯ ಬಾಬಿಗೆ ಹಾಕುವದು ಲೆಕ್ಕದ ತಪ್ಪು. ಅದು ಸಾಲದ ಬಾಬು. 1999ರಲ್ಲಿ ಯುರೋ ಎಂಬ ಒಂದೇ ನಾಣ್ಯಕ್ಕೆ ಸೇರಿದ ರಾಷ್ಟ್ರಗಳೂ, ಎರಡು ವರ್ಷ ತಡೆದು ಸೇರಿದ ಗ್ರೀಸವೂ ಒಂದೇ ಮನೆಯವರೆಂದು ಸಾರಿಕೊಂಡಿದ್ದರು. 2013ರಲ್ಲಿ ಗ್ರೀಸದ ದುಡಿಯುವ ನೂರು ಜನರಲ್ಲಿ ಇಪ್ಪತ್ತೇಳು ಜನ ಕೆಲಸವಿಲ್ಲದೆ ಕುಳಿತಾಗ, ತನ್ನದೇ ನಾಣ್ಯವಿಲ್ಲದ ಆ ರಾಷ್ಟ್ರವು ನಾಣ್ಯವನ್ನು ಇಳಿಸಲಾರದೆ ಕೂಲಿಯನ್ನೇ ಇಳಿಸಿತು. ಕೂಡುಮನೆಯ ಮಾತು ಆಗ ಹೆಚ್ಚು ಕೇಳಿಸಲಿಲ್ಲ.

ಭಾರತದಲ್ಲಿ 2016ರ ತಿದ್ದುಪಡಿಯಿಂದ ಬಡ್ಡಿಯ ದರವನ್ನು ಆರು ಜನರ ಸಮಿತಿಯೊಂದು ಗೊತ್ತುಮಾಡುತ್ತದೆ: ರಿಜರ್ವ್ ಬ್ಯಾಂಕಿನವರು ಮೂವರು, ಸರಕಾರವು ನೇಮಿಸಿದ ತಜ್ಞರು ಮೂವರು. ಬೆಲೆಯೇರಿಕೆಯನ್ನು ನೂರಕ್ಕೆ ನಾಲ್ಕರ ಆಸುಪಾಸಿನಲ್ಲಿ ಹಿಡಿಯುವದು ಅವರ ಹೊಣೆ. ನಿರುದ್ಯೋಗಕ್ಕೆ ಅಂಥ ಅಂಕಿ ಯಾವದೂ ಗೊತ್ತಾಗಿಲ್ಲ. ಧುಪದಾಳದ ಒಡ್ಡಿನ ಬಾಗಿಲನ್ನು ಇಳಿಸಿದಾಗ ಕಾಲುವೆಯ ಬಾಲದ ಒಕ್ಕಲಿಗನು ಒಣಗಿದ ತನ್ನ ಹೊಲವನ್ನು ನೋಡಿ ಒಡನೆಯೇ ಕಾರಣವನ್ನು ಅರಿತು, ನೀರಾವರಿ ಕಚೇರಿಯ ಬಾಗಿಲಿಗೆ ಬಂದು ನಿಲ್ಲಬಲ್ಲನು. ಮುಂಬಯಿಯಲ್ಲಿ ಬಡ್ಡಿಯು ಕಾಲು ಅಂಶ ಏರಿದ್ದರಿಂದ ವರ್ಷದ ಮೇಲೆ ಗೋಕಾಕದಲ್ಲಿ ಕೆಲಸ ಕಳೆದುಕೊಂಡವನು ಯಾವ ಬಾಗಿಲಿಗೆ ಹೋಗಬೇಕು?